ಫ್ರಿಜ್ಜಿನ ಅಭ್ಯಂಜನ

ಆಯುಧಪೂಜೆಯ ಹಿಂದಿನ ದಿನ ನಮ್ಮ ಮನೆಯಲ್ಲಿ ಸ್ಕೂಟರ್ ತೊಳೆಯುವವರು ಬೇರೆ, ಈಳಿಗೆಮಣೆ, ಕತ್ತಿ, ಸುತ್ತಿಗೆ ಉಜ್ಜುವವರು ಬೇರೆ. ಫ್ರಿಜ್ಜು ಮಾತ್ರ ನನ್ನ ಪಾಲು. ನವಮಿಯ ಬೆಳಿಗ್ಗೆ ಮಿಕ್ಸಿ, ಗ್ರೈಂಡರ್, ಹೊಲಿಗೆ ಯಂತ್ರದ ಜೊತೆ ಅದಕ್ಕೂ ಅರಿಶಿನ ಕುಂಕುಮ ಇಟ್ಟು, ಹಿಡಿಗೊಂದು ಸೇವಂತಿಗೆ ಸಿಕ್ಕಿಸುತ್ತೇವೆ. ಹೊರಗೆ ಹೂವಿಟ್ಟು, ಒಳಗೆ ಎಂದೋ ಚೆಲ್ಲಿದ ಹುಳಿಯ ಕಲೆ ಹಾಗೇ ಇದ್ದರೆ ಕೈಮುಗಿಯಲು ನನಗೆ ಮನಸ್ಸಾಗುವುದಿಲ್ಲ. ಅದೂ ಅಲ್ಲದೆ ಇದು ಮೈಸೂರು. ಜಂಬೂ ಸವಾರಿ ನೋಡಲು ನೆಂಟರು ಬಂದಿಳಿದ ಮೇಲೆ ಆ ಪೆಟ್ಟಿಗೆಯಲ್ಲಿ ಬೆರಳಿಡಲೂ ಜಾಗವಿರುವುದಿಲ್ಲ. ಹಾಗಾಗಿ ಅಷ್ಟಮಿಯ ಮಧ್ಯಾಹ್ನ, ಊಟದ ಪಾತ್ರೆ ತೊಳೆದಾದ ಮೇಲೆ, ಸೆರಗು ಸಿಕ್ಕಿಸಿಕೊಂಡು ಅದರ ಮುಂದೆ ಮಣೆ ಹಾಕಿ ಕೂರುತ್ತೇನೆ. ತಿಂಗಳಿಗೊಮ್ಮೆ ಒರೆಸುವುದು ಇದ್ದೇ ಇದೆ. ಆದರೆ ಎಲ್ಲ ಬಿಚ್ಚಿ, ತೊಳೆದು, ಒಣಗಿಸಿ, ಮತ್ತೆ ಕೂಡಿಸುವ ಈ ಮಧ್ಯಾಹ್ನವೆಂದರೆ ನನಗೆ ಬಲು ಇಷ್ಟ.

ಪ್ಲಗ್ ಕಿತ್ತು, ಮೊದಲು ಹಾಲು ಮೊಸರನ್ನು ಹೊರಗಿಡುತ್ತೇನೆ. ದೊಡ್ಡ ಬೋಗುಣಿಯಲ್ಲಿ ಐಸ್ ಟ್ರೇಯ ತುಂಡುಗಳನ್ನೆಲ್ಲ ಸುರಿದು, ನೀರು ಹಾಕಿ, ಹಾಲಿನ ಪಾತ್ರೆ ಇಳಿಸಿ, ಮೇಲೊಂದು ಒದ್ದೆ ಬಟ್ಟೆ. ಅತ್ತೆಯವರ ಇನ್ಸುಲಿನ್ ಐಸಿಗೆ ತಾಗಬಾರದು, ಹೆಪ್ಪುಗಟ್ಟಿದರೆ ಕೆಟ್ಟಂತೆಯೇ. ಅದನ್ನು ಡಬ್ಬಿಯೊಳಗಿಟ್ಟು ಮಣ್ಣಿನ ಹೂಜಿಯ ಪಕ್ಕದ ನೆರಳಿಗೆ. ಆಮೇಲೆ ಒಂದೊಂದಾಗಿ ಬರುತ್ತವೆ: ಬೆಣ್ಣೆ ಕಡೆಯಲು ಕೂಡಿಟ್ಟ ಕೆನೆ, ದೋಸೆ ಹಿಟ್ಟು, ಕಾಯಿಯ ಅರ್ಧ ಹೋಳು, ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ದಂಡೆ. ಇವೆಲ್ಲ ಗೊತ್ತಿರುವವೇ. ಹಿಂದಿನ ಸಾಲಿಗೆ ಕೈ ಹಾಕಿದಾಗ ಸಿಗುವ ಸಣ್ಣ ಸ್ಟೀಲ್ ಬಟ್ಟಲುಗಳೇ ಬೇರೆ. ಮುಚ್ಚಳ ತೆಗೆದರೆ ಗೊಜ್ಜೋ ಪಲ್ಯವೋ ತಿಳಿಯದ ಹಾಗೆ ಬೂದಿ ಬಣ್ಣದ ಬೂಸ್ಟು.

ಆಗೆಲ್ಲ ನನಗೆ ಅಜ್ಜಿಯ ನೆಲುವು ನೆನಪಾಗುತ್ತದೆ. ಗೋದ್ರೇಜ್ ಕಂಪನಿ ನಮ್ಮ ದೇಶದಲ್ಲೇ ಫ್ರಿಜ್ ತಯಾರಿಸತೊಡಗಿದ್ದು 1958ರಲ್ಲಿ. ಅದಾಗಿ ಇಪ್ಪತ್ತು ವರ್ಷ ಕಳೆದರೂ ತಿಪಟೂರು ಸೀಮೆಯ ನಮ್ಮ ಹಳ್ಳಿಮನೆಯಲ್ಲಿ ಹಾಲು, ಮೊಸರು, ಬೆಣ್ಣೆಗಳ ಜಾಗ ತೊಲೆಯಿಂದ ಇಳಿಬಿಟ್ಟ ಹಗ್ಗದ ನೆಲುವೇ. ಗಾಳಿ ಆಡುತ್ತಿತ್ತು, ಬೆಕ್ಕಿಗೆ ಎಟುಕುತ್ತಿರಲಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಅದು ಅಜ್ಜಿಯ ಕಣ್ಣೆದುರಿಗೇ ತೂಗುತ್ತಿತ್ತು. ಅಲ್ಲಿ ಇಟ್ಟದ್ದು ಮರೆಯುವ ಮಾತೇ ಇಲ್ಲ. ಫ್ರಿಜ್ಜಿನ ಬಾಗಿಲು ಮುಚ್ಚಿದರೆ ಇಟ್ಟದ್ದು ಕಣ್ಣಿಗೆ ಮರೆ, ಸ್ವಲ್ಪ ದಿನಕ್ಕೆ ಮನಸ್ಸಿಗೂ ಮರೆ. ಒಳಗಿದೆಯಲ್ಲ, ಏನೂ ಆಗುವುದಿಲ್ಲ ಎಂಬ ನಂಬಿಕೆ ಬೇರೆ. ಕೆಡುವುದನ್ನು ತಡಮಾಡುವುದಷ್ಟೇ ಅದರ ಕೈಲಾಗುವುದು, ತಡೆಯುವುದಲ್ಲ. ಒಳಗೆ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು ಎನ್ನುತ್ತಾರೆ. ಲಿಸ್ಟೀರಿಯಾದಂಥ ಬ್ಯಾಕ್ಟೀರಿಯಾ ಆ ಚಳಿಯಲ್ಲೂ ನಿಧಾನವಾಗಿ ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ಚಳಿಯನ್ನು ನಂಬಿ ಕೂರುವಂತಿಲ್ಲ, ಎಲ್ಲವನ್ನೂ ಆಗಾಗ ಬೆಳಕಿಗೆ ತಂದು ನೋಡಬೇಕು. ನಾನು ತೊಳೆಯಲು ಕೂರುವುದು ಹೆಚ್ಚಾಗಿ ಇದಕ್ಕೇ.

ಫ್ರೀಜರಿನ ಹಿಮ ಕರಗಲು ಬೇಕಾದಷ್ಟು ಹೊತ್ತು ಕೊಡುತ್ತೇನೆ. ನಮ್ಮದು ಒಂದೇ ಬಾಗಿಲಿನ ಫ್ರಿಜ್ಜು. ಹಿಮ ಅರ್ಧ ಸೆಂಟಿಮೀಟರ್ ದಪ್ಪ ಕಟ್ಟುವುದರೊಳಗೆ ಕರಗಿಸಿಬಿಡಬೇಕು. ಹಿಮವೂ ಕಂಬಳಿಯಂತೆಯೇ, ತಂಪನ್ನು ಈಚೆ ಬಿಡುವುದಿಲ್ಲ. ಕಂಪ್ರೆಸರ್ ಸುಮ್ಮನೆ ದುಡಿಯುತ್ತದೆ, ಕರೆಂಟ್ ಬಿಲ್ಲು ಏರುತ್ತದೆ. ಬಿಸಿನೀರಿನ ಪಾತ್ರೆಯೊಂದನ್ನು ಒಳಗಿಟ್ಟು ಬಾಗಿಲು ತೆರೆದಿಟ್ಟರೆ ಹಾಳೆ ಹಾಳೆಯಾಗಿ ಬಿಟ್ಟುಕೊಳ್ಳುತ್ತದೆ. ಚಾಕು ಮಾತ್ರ ಮುಟ್ಟುವುದಿಲ್ಲ. 1986ರಲ್ಲಿ ನಮ್ಮ ಮನೆಗೆ ಮೊದಲ ಫ್ರಿಜ್ಜು ಬಂತು. ಮರುವರ್ಷದ ಬೇಸಿಗೆಯಲ್ಲಿ ಐಸ್ ಟ್ರೇ ಅಂಟಿಕೊಂಡು ಬರಲೊಲ್ಲದು ಎಂದು ಅಣ್ಣ ಚಾಕುವಿನ ತುದಿಯಿಂದ ಮೀಟಿದ. ಸುಸ್ ಎಂದಿತು, ಅಷ್ಟೆ. ಅಂಥ ಫ್ರೀಜರಿನ ಅಲ್ಯೂಮಿನಿಯಂ ತಗಡಿನೊಳಗೇ ಗ್ಯಾಸ್ ಹರಿಯುವ ಸಣ್ಣ ಕಾಲುವೆಗಳಿರುತ್ತವೆ. ಒಂದು ಚುಚ್ಚು ಸಾಕು, ಎಲ್ಲ ಖಾಲಿ. ಅಪ್ಪ ಆರು ತಿಂಗಳು ಕಂತು ಕಟ್ಟಿ ತಂದದ್ದು. ಅಣ್ಣ ಮೂಲೆಯಲ್ಲಿ ನಿಂತುಬಿಟ್ಟಿದ್ದ. ಅಮ್ಮ ಬೈಯಲಿಲ್ಲ. “ಇನ್ಮೇಲೆ ಅದು ತಾನಾಗೇ ಕರಗಲಿ ಬಿಡಪ್ಪ” ಎಂದಳು, ಹಾಲಿನ ಪಾತ್ರೆಗೆ ಒದ್ದೆ ಬಟ್ಟೆ ಸುತ್ತಲು ಎದ್ದಳು. ತಗಡಿಗೆ ಬೆಸುಗೆ ಹಾಕಿಸಿ ಗ್ಯಾಸ್ ತುಂಬಿಸಲು ಎರಡು ತಿಂಗಳು ಹಿಡಿಯಿತು. ಅಮ್ಮನ ಆ ಮಾತನ್ನು ನಾನು ಮೀರಿಲ್ಲ.

ಹಿಮ ಕರಗುವಷ್ಟರಲ್ಲಿ ಗಾಜಿನ ತಟ್ಟೆಗಳು ಹೊರಗಿನ ಬಿಸಿಗೆ ಬಂದಿರುತ್ತವೆ. ತಣ್ಣಗಿರುವಾಗಲೇ ಬಿಸಿನೀರು ಹುಯ್ದರೆ ಸೀಳಿಬಿಡುತ್ತವೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡ ಕದಡಿ ಆ ನೀರಿನಲ್ಲಿ ಗೋಡೆಗಳನ್ನೆಲ್ಲ ಒರೆಸುತ್ತೇನೆ. ಸೋಪಿನ ಹಾಗೆ ವಾಸನೆ ಬಿಟ್ಟುಹೋಗುವುದಿಲ್ಲ, ಹುಳಿವಾಸನೆಯನ್ನೂ ಎಳೆದುಕೊಳ್ಳುತ್ತದೆ. ಬಾಗಿಲಿನ ರಬ್ಬರಿನ ಮಡಿಕೆಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷೇ ಸರಿ. ಆ ರಬ್ಬರಿನೊಳಗೆ ಆಯಸ್ಕಾಂತದ ಪಟ್ಟಿ ಇದೆ, ಬಾಗಿಲು ಕಚ್ಚಿಕೊಳ್ಳುವುದು ಅದರಿಂದ. ಜಿಡ್ಡು ಕೂತರೆ ಬಿಗಿ ತಪ್ಪುತ್ತದೆ. ತೊಳೆದ ಮೇಲೆ ಒಂದು ಕಾಗದ ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆದು ನೋಡುತ್ತೇನೆ. ತಡೆದು ತಡೆದು ಬಂದರೆ ಸರಿ.

ಎಲ್ಲಕ್ಕಿಂತ ಹೆಚ್ಚು ಅಕ್ಕರೆಯಿಂದ ಮಾಡುವ ಕೆಲಸ ಇನ್ನೊಂದಿದೆ. ತರಕಾರಿ ಡಬ್ಬ ಎಳೆದಿಟ್ಟರೆ ಹಿಂಗೋಡೆಯ ಬುಡದಲ್ಲಿ ಕಡಲೆಕಾಳಿನಷ್ಟು ಒಂದು ತೂತು. ಹಿಮ ಕರಗಿದ ನೀರು ಆ ದಾರಿಯಿಂದ ಇಳಿದು, ಹಿಂದೆ ಕಂಪ್ರೆಸರ್ ಮೇಲಿನ ತಟ್ಟೆ ಸೇರಿ, ಅದರ ಬಿಸಿಗೆ ಆವಿಯಾಗಿ ಹೋಗುತ್ತದೆ. ತೂತು ಕಟ್ಟಿಕೊಂಡರೆ ನೀರೆಲ್ಲ ಡಬ್ಬದ ಕೆಳಗೆ ನಿಂತು ಸೊಪ್ಪು ಕೊಳೆಯುತ್ತದೆ. ಹೊಸ ಪೊರಕೆಯಿಂದ ಒಂದು ಕಡ್ಡಿ ಕಿತ್ತು ಮೆಲ್ಲಗೆ ತಿರುಗಿಸುತ್ತೇನೆ. ಈ ಸಲ ಬಂದದ್ದು ಕೊತ್ತಂಬರಿಯ ಒಂದು ದಂಟು, ಎರಡು ಸಾಸಿವೆ, ಲೋಳೆಯಾದ ಕರಿಬೇವಿನೆಲೆ. ಬಳಿಕ ಒಂದು ಲೋಟ ಬೆಚ್ಚನೆ ನೀರನ್ನು ಸಣ್ಣಗೆ ಹುಯ್ದು ಕಿವಿಗೊಟ್ಟು ಕೂತೆ. ಹಿಂದೆ ತಟ್ಟೆಯಲ್ಲಿ ತೊಟ್ ತೊಟ್ ಎಂದು ಬೀಳುವುದು ಕೇಳಿಸಿತು. ಕೊಳಗದಲ್ಲಿ ನೀರು ತುಂಬುವ ಸದ್ದು ಕೇಳಿದಾಗಿನ ನೆಮ್ಮದಿಯೇ ಅದು. ತಟ್ಟೆಯನ್ನೂ ತೊಳೆದು, ಬೆನ್ನ ಹಿಂದಿನ ಕಪ್ಪು ಕೊಳವೆಗಳ ದೂಳನ್ನು ಒಣ ಬ್ರಷ್ಷಿನಿಂದ ಉದುರಿಸಿದೆ. ಒಳಗಿನ ಶಾಖವೆಲ್ಲ ಹೊರಹೋಗುವುದು ಆ ಕೊಳವೆಗಳಿಂದ. ದೂಳು ಮುಚ್ಚಿದರೆ ಅದು ಹೋಗುವುದಾದರೂ ಎಲ್ಲಿಗೆ?

ಯಾವುದು ಒಳಗೆ ವಾಪಸು ಹೋಗಬೇಕು ಎನ್ನುವ ವಿಚಾರ ಅತ್ತೆಯವರದು. ಕುರ್ಚಿ ಹಾಕಿಕೊಂಡು ಕೂತು ಒಂದೊಂದನ್ನೇ ಮೂಸಿ ನೋಡುತ್ತಾರೆ.

“ಈ ಉಪ್ಪಿನಕಾಯಿ ಭರಣೀಲಿ ಇರಬೇಕಾದ್ದು. ಇದರೊಳಗೆ ಯಾಕಿಟ್ಟೆಯಮ್ಮ?”

“ಜಾಗ ಇತ್ತು ಅಂತ ಇಟ್ಟೆ ಅತ್ತೆ.”

“ಜಾಗ ಇದೆ ಅಂತ ತುಂಬಕ್ಕೆ ಇದೇನು ಅಟ್ಟವೇ? ಗಾಳಿ ಆಡ್ಲಿ ಬಿಡು.”

ಅವರು ಹೇಳುವುದು ಸರಿ. ಒಳಗೆ ತಣ್ಣನೆ ಗಾಳಿ ಸುತ್ತಲು ಜಾಗ ಬೇಕು. ಆಲೂಗೆಡ್ಡೆಯೂ ಹೊರಗೇ ಉಳಿಯಿತು. ಆ ಚಳಿಗೆ ಅದರ ಪಿಷ್ಟ ಸಕ್ಕರೆಯಾಗಿ, ಹುರಿದರೆ ಬೇಗ ಕಪ್ಪಾಗುತ್ತದೆ. ಬಾಳೆಹಣ್ಣಿನ ಸಿಪ್ಪೆಯೂ ಕಪ್ಪಾಗುತ್ತದೆ, ಅದೂ ಹೊರಗೆ. ಹಾಲು ಬಾಗಿಲಿನ ಗೂಡಿನಿಂದ ಒಳಗಿನ ತಟ್ಟೆಗೆ ಬಂತು. ತೆರೆದು ಮುಚ್ಚುವ ಬಾಗಿಲೇ ಇಡೀ ಫ್ರಿಜ್ಜಿನಲ್ಲಿ ಹೆಚ್ಚು ಬೆಚ್ಚಗಿರುವ ಜಾಗ, ನಾವೆಲ್ಲ ಹಾಲಿಡುವುದು ಅಲ್ಲೇ. ಸಣ್ಣ ಬಟ್ಟಲುಗಳಿಗೆಲ್ಲ ಇನ್ನು ಮುಂದಿನ ಸಾಲು.

ಒಣಬಟ್ಟೆಯಲ್ಲಿ ಒರೆಸಿ, ಪ್ಲಗ್ ಹಾಕಿ, ಒಳಗೆ ತಂಪೇರಿದ ಮೇಲೆ ಹಾಲು ಮೊದಲಾಗಿ ಎಲ್ಲ ಮರಳಿ ಇಟ್ಟೆ. ಮರುದಿನ ಅತ್ತೆಯವರೇ ಕುಂಕುಮ ಇಟ್ಟು ಹೂ ಸಿಕ್ಕಿಸಿದರು.

ನಿಮ್ಮ ಮನೆಯದನ್ನು ತೊಳೆಯಲು ಹಬ್ಬದವರೆಗೆ ಕಾಯಬೇಡಿ. ಇವತ್ತೇ ತರಕಾರಿ ಡಬ್ಬ ಈಚೆಗೆಳೆದು ಆ ತೂತು ಎಲ್ಲಿದೆ ನೋಡಿ. ಒಂದು ಪೊರಕೆ ಕಡ್ಡಿ, ಒಂದು ಲೋಟ ಬೆಚ್ಚನೆ ನೀರು ಸಾಕು.