ಘಾಟಿಗೆ ತಕ್ಕ ಬ್ರೇಕು

12 ಮೇ 2025, ಸೋಮವಾರ. ಮೂಡಿಗೆರೆ

ತಮ್ಮ ಮಂಗಳೂರಿಗೆ ತರಕಾರಿ ಹಾಕಿ ಬಂದ. ಊಟಕ್ಕೆ ಕೂತಾಗ ಹೇಳಿದ: "ಅಣ್ಣ, ಚಾರ್ಮಾಡಿಯಲ್ಲಿ ಅಣ್ಣಪ್ಪಸ್ವಾಮಿ ಗುಡಿ ದಾಟಿದ ಮೇಲೆ ಪೆಡಲ್ ಗಟ್ಟಿಯಾಗೇ ಇತ್ತು, ಆದ್ರೆ ಪಿಕಪ್ ನಿಲ್ತಿರ್ಲಿಲ್ಲ. ಸುಟ್ಟ ವಾಸನೆ ಬೇರೆ." ಪೆಡಲ್ ಮೆತ್ತಗಾಗಿ ಒಳಕ್ಕೆ ಹೋಗಿದ್ದರೆ ಬ್ರೇಕ್ ಆಯಿಲ್ ಕುದಿದಿರಬಹುದು ಎನ್ನಬಹುದಿತ್ತು. ಗಟ್ಟಿಯಾಗಿದ್ದೂ ಹಿಡಿಯಲಿಲ್ಲವೆಂದರೆ ಅನುಮಾನ ಪ್ಯಾಡುಗಳ ಮೇಲೆಯೇ. ಅವು ಬದಲಾಗುವ ತನಕ ಘಾಟಿ ಇಳಿಯಬೇಡ ಎಂದೆ.

13 ಮೇ, ಮಂಗಳವಾರ

ಗ್ಯಾರೇಜಿನಲ್ಲಿ ಮುಂದಿನ ಚಕ್ರಗಳನ್ನು ಬಿಚ್ಚಿಸಿದೆ. ಪ್ಯಾಡಿನ ಮೈ ಗಾಜಿನ ಹಾಗೆ ಮಿರುಗುತ್ತಿದೆ. ಉಳಿದಿರುವುದು 3 ಮಿಲಿಮೀಟರು ಕೂಡ ಇಲ್ಲ.

ರಾತ್ರಿ ಲೆಕ್ಕ ಹಾಕಿದೆ. ಸರಕು ಸೇರಿ ಗಾಡಿ 3 ಟನ್, ಇಳಿಯುವ ಎತ್ತರ 700 ಮೀಟರು ಎಂದಿಟ್ಟುಕೊಂಡರೂ ಸುಮಾರು 2 ಕೋಟಿ ಜೂಲ್ ಶಕ್ತಿ ಎಲ್ಲಾದರೂ ಕರಗಬೇಕು. ಅಷ್ಟರಲ್ಲಿ 60 ಲೀಟರ್ ತಣ್ಣೀರನ್ನು ಕುದಿಸಬಹುದು. ಎಂಜಿನ್ ತಡೆಯದೆ ಬಿಟ್ಟದ್ದೆಲ್ಲ ಡಿಸ್ಕು, ಡ್ರಮ್ಮುಗಳ ಪಾಲು. ಹಾಗಾಗಿ ಪ್ಯಾಡು ಕೊಳ್ಳುವಾಗ ಮೊದಲು ಕೇಳಬೇಕಾದದ್ದು ಬೆಲೆಯಲ್ಲ, ಬಿಸಿಯಾದಾಗ ಎಷ್ಟು ಹಿಡಿಯುತ್ತದೆ ಎಂಬುದು.

15 ಮೇ, ಗುರುವಾರ

ಸ್ಪೇರ್ ಅಂಗಡಿಯವರು ಮೂರು ಬಗೆ ತೋರಿಸಿದರು. ಆರ್ಗ್ಯಾನಿಕ್ ಅಗ್ಗ, ಮೆತ್ತಗೆ ಹಿಡಿಯುತ್ತದೆ, ಆದರೆ ಬೇಗ ಕಾದು ಸೋಲುತ್ತದೆ. ಸಿರಾಮಿಕ್ ಸದ್ದು ಮಾಡುವುದಿಲ್ಲ, ಧೂಳೂ ಕಡಿಮೆ. ಪೇಟೆಯಲ್ಲಿ ಓಡುವ ಕಾರಿಗೆ ಒಪ್ಪುತ್ತದೆ. ಸೆಮಿ ಮೆಟಾಲಿಕ್‌ನಲ್ಲಿ ಉಕ್ಕಿನ ಎಳೆ, ಲೋಹದ ಪುಡಿ ಇರುತ್ತವೆ. ಸ್ವಲ್ಪ ಕಿರುಗುಟ್ಟುತ್ತದೆ, ಡಿಸ್ಕನ್ನೂ ಬೇಗ ಸವೆಸುತ್ತದೆ. ಆದರೆ ಭಾರ ಹೊತ್ತು ಇಳಿಜಾರಿನಲ್ಲಿ ಬಿಸಿ ತಾಳುವುದು ಅದೇ. ನಮ್ಮ ಕೆಲಸಕ್ಕೆ ಅದನ್ನೇ ಆರಿಸಿದೆ.

ಪ್ಯಾಡಿನ ಅಂಚಿನಲ್ಲಿ ಅಚ್ಚಾದ ಎರಡು ಅಕ್ಷರಗಳನ್ನೂ ನೋಡಿದೆ. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿನ ಘರ್ಷಣೆ, ಎರಡನೆಯದು ಹೆಚ್ಚು ಕಾದಾಗಿನದು. 'ಇ' ಅಂದರೆ 0.25ರಿಂದ 0.35, 'ಎಫ್' ಅಂದರೆ 0.35ರಿಂದ 0.45. ಅಗ್ಗದ ಒಂದರ ಮೇಲೆ 'ಎಫ್‌ಇ' ಇತ್ತು: ಕಾದಷ್ಟೂ ಹಿಡಿತ ಇಳಿಯುವಂಥದ್ದು. 'ಎಫ್‌ಎಫ್' ಇದ್ದದ್ದನ್ನು ತೆಗೆದುಕೊಂಡೆ. ಬಾಳಿಕೆ ಎಷ್ಟೆಂದು ಈ ಅಕ್ಷರಗಳು ಹೇಳುವುದಿಲ್ಲ, ಆದ್ದರಿಂದ ಸೀಲು ಒಡೆಯದ ಪೊಟ್ಟಣವನ್ನೇ ಬಿಲ್ಲಿನೊಂದಿಗೆ ತಂದೆ.

16 ಮೇ, ಶುಕ್ರವಾರ

ಎರಡೂ ಮುಂಚಕ್ರಗಳಿಗೆ ಒಟ್ಟಿಗೇ ಹಾಕಿಸಿದ್ದಾಯಿತು. ಒಂದು ಕಡೆ ಹೊಸತು, ಇನ್ನೊಂದು ಕಡೆ ಹಳತಾದರೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಮೇಸ್ತ್ರಿ ಡಿಸ್ಕಿನ ದಪ್ಪ ಅಳೆದರು, ಕ್ಯಾಲಿಪರ್ ಪಿನ್ನುಗಳಿಗೆ ಬಿಸಿ ತಾಳುವ ಗ್ರೀಸ್ ಹಚ್ಚಿದರು, ಬ್ರೇಕ್ ಆಯಿಲ್ ಬದಲಾಯಿಸಿದರು. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ, ತೇವ ಹೆಚ್ಚಾದಂತೆ ಬೇಗ ಕುದಿಯುತ್ತದೆ. ಹಿಂದಿನ ಡ್ರಮ್ ಬಿಚ್ಚಿ ಲೈನರ್ ಕೂಡ ನೋಡಿದೆವು, ಇನ್ನೂ ಚೆನ್ನಾಗಿವೆ.

ಸಂಜೆ ಖಾಲಿ ರಸ್ತೆಯಲ್ಲಿ 50 ಕಿಲೋಮೀಟರ್ ವೇಗದಿಂದ 10ಕ್ಕೆ ನಿಧಾನವಾಗಿ ಇಳಿಸುತ್ತ, ಪೂರ್ತಿ ನಿಲ್ಲಿಸದೆ, ನಡುವೆ ಆರಲು ಬಿಟ್ಟು ಪ್ಯಾಡನ್ನು ಡಿಸ್ಕಿಗೆ ಹೊಂದಿಸಿದೆವು.

ತಮ್ಮನಿಗೆ ಹೇಳಿದ್ದು ಇಷ್ಟು: ಹತ್ತುವ ಗೇರಿನಲ್ಲೇ ಇಳಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಬೇಡ, ಎಂಜಿನ್ ಅಂತೂ ಆರಿಸಲೇಬೇಡ. ಬಾಡಿಗೆಯವರು ಎಷ್ಟೇ ಒತ್ತಾಯಿಸಲಿ, ಹೆಚ್ಚುವರಿ ಮೂಟೆ ಏರಿಸಬೇಡ. ಎಷ್ಟು ಭಾರ ಹೊರಬೇಕೆಂದು ತೀರ್ಮಾನಿಸಬೇಕಾದದ್ದು ಎಂಜಿನ್ನಿನ ಬಲ ನೋಡಿ ಅಲ್ಲ, ಕೊನೆಯ ತಿರುವಿನಲ್ಲೂ ಬ್ರೇಕು ಹಿಡಿಯುತ್ತದೆಯೇ ಎಂದು ನೋಡಿ.