ಕೋಡಿ ಎಲ್ಲೈತೆ?

2020ರ ಅಕ್ಟೋಬರ್ 13ರ ರಾತ್ರಿ. ಟೋಲಿಚೌಕಿಯ ನಮ್ಮ ಅಪಾರ್ಟ್‌ಮೆಂಟಿನ ಸೆಲ್ಲಾರಿಗೆ ಮೊದಲು ನೀರು ಬಂದದ್ದು ರಸ್ತೆಯಿಂದಲ್ಲ, ಒಳಗಿನ ಮ್ಯಾನ್‌ಹೋಲಿನಿಂದ. ಹೊರಗಿನ ಒಳಚರಂಡಿ ಮಳೆನೀರಿನಿಂದ ತುಂಬಿ, ನಾವು ಆಚೆ ಕಳಿಸಿದ್ದೆಲ್ಲ ವಾಪಸ್ ಬರುತ್ತಿತ್ತು. ಮುಚ್ಚಳದ ಮೇಲೆ ಕಲ್ಲು ಹೇರಿದೆವು, ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ರಸ್ತೆಯ ನೀರೂ ಇಳಿದು ಬಂತು. ಬೈಕುಗಳು ಮುಳುಗಿದವು, ಸಂಪಿಗೆ ಕೊಳಚೆ ಸೇರಿತು, ಕರೆಂಟು ಹೋಯಿತು. ಸೆಲ್ಲಾರಿನ ಮೂಲೆಯ ಕೋಣೆಯಲ್ಲೇ ಸಂಸಾರ ಮಾಡಿಕೊಂಡಿದ್ದ ವಾಚ್‌ಮನ್, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮೂರನೇ ಮಹಡಿಯ ನಮ್ಮ ಮನೆಗೆ ಬಂದ.

ಬೆಳಗ್ಗೆ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಬಾಲ್ಕನಿಯಿಂದ ತೋರಿಸಿದೆ. ಚಿಕ್ಕಬಳ್ಳಾಪುರದ ಕಡೆಯ ನಮ್ಮೂರಲ್ಲಿ ಅವರು ನೀರಗಂಟಿಯಾಗಿದ್ದವರು. ಕೆರೆಯ ತೂಬು ಎತ್ತಿ ಇಳಿಸುವುದೇ ಅವರ ಕೆಲಸ. ಸ್ವಲ್ಪ ಹೊತ್ತು ನೋಡಿ, "ಹತ್ತಿರದಾಗೆ ಕೆರೆ ಐತೇನಪ್ಪಾ?" ಅಂದರು. ಇದೆ, ಶಾ ಹಾತಿಂ ತಲಾಬ್. ಅದರ ಪಕ್ಕದ ನದೀಂ ಕಾಲೋನಿಯಲ್ಲಿ ಜನರನ್ನು ದೋಣಿಯಲ್ಲಿ ಕರೆತರುತ್ತಿದ್ದರು. "ಅದರ ಕೋಡಿ ಎಲ್ಲೈತೆ?"

ನನಗೆ ಗೊತ್ತಿರಲಿಲ್ಲ. ಫ್ಲಾಟ್ ಕೊಳ್ಳುವಾಗ ಮೆಟ್ರೋ ಎಷ್ಟು ದೂರ, ಬೋರಿನಲ್ಲಿ ನೀರು ಬರುತ್ತದೆಯೇ ಎಂದು ಕೇಳಿದ್ದೆ. ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿರಲಿಲ್ಲ.

1908ರ ಮೂಸಿ ಪ್ರವಾಹದ ನಂತರ ನಿಜಾಮರು ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು ಎಂದು ಆಫೀಸಿನಲ್ಲಿ ನಾನು ಎಷ್ಟು ಸಲ ಹೇಳಿಕೊಂಡಿದ್ದೇನೋ! ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಅವರ ಯೋಜನೆಯ ಫಲ. ಆದರೆ ಆ ಅಣೆಕಟ್ಟುಗಳು ತಡೆಯುವುದು ಮೇಲಿನಿಂದ ಬರುವ ಹೊಳೆಯನ್ನು. ಅವತ್ತಿನ ಮಳೆ ಸುರಿದದ್ದು ಊರಿನ ಮೇಲೇ, ಬೇಗಂಪೇಟೆಯಲ್ಲಿ 24 ಗಂಟೆಗೆ ಸುಮಾರು 19 ಸೆಂ.ಮೀ. ತಾರಸಿ, ಕಾಂಕ್ರೀಟ್ ಅಂಗಳ, ಸಿಮೆಂಟ್ ರಸ್ತೆ ಯಾವುದೂ ಹನಿ ನೀರು ಕುಡಿಯುವುದಿಲ್ಲ. ಕೆರೆಯಿಂದ ಕೆರೆಗೆ ಹರಿಯಬೇಕಾದ ನಾಲೆಗಳ ಮೇಲೆ ನಮ್ಮಂಥ ಮನೆಗಳು ಎದ್ದಿವೆ. ನೀರು ತನ್ನ ಹಳೇ ದಾರಿ ಹುಡುಕಿಕೊಂಡು ಬಂದಿತ್ತು, ಅಷ್ಟೇ.

ನೀರಿಳಿದ ಮೇಲೆ ಅಸೋಸಿಯೇಷನ್ ಮೀಟಿಂಗ್ ಆಯಿತು. ಇದ್ದ ಹಣದಲ್ಲಿ ಎರಡರಲ್ಲಿ ಒಂದು ಕೆಲಸ ಸಾಧ್ಯವಿತ್ತು: ಗೋಡೆಗಳಿಗೆ ಬಣ್ಣ, ಅಥವಾ ಕೊಳಚೆ ಹಿಂದಕ್ಕೆ ಬಾರದಂತೆ ಪೈಪಿಗೆ ವಾಲ್ವ್ ಹಾಕಿಸಿ, ವಾಚ್‌ಮನ್‌ಗೆ ತಾರಸಿಯಲ್ಲೊಂದು ಕೋಣೆ. ಬಾಡಿಗೆಗೆ ಕೊಡುವವರು ಬಣ್ಣ ಎಂದರು. ನಾನೂ ಬಣ್ಣಕ್ಕೇ ಕೈ ಎತ್ತಿದೆ.

ಮುಂದಿನ ಬೇಸಿಗೆಗೆ ಸೆಲ್ಲಾರಿನ ಗೋಡೆ ಬಿಳಿ ಉಪ್ಪು ಕಾರತೊಡಗಿತು. ಇಟ್ಟಿಗೆ ಹೀರಿಕೊಂಡ ನೀರು ಆರುವಾಗ ಉಪ್ಪನ್ನು ಮೇಲಕ್ಕೆ ತರುತ್ತದೆ. ಪುಟ್ಟಿ, ಬಣ್ಣ ಎಲ್ಲ ಹಪ್ಪಳದಂತೆ ಎದ್ದವು. ಕೆಳಗೆ ಇಳಿದಾಗ ವಾಚ್‌ಮನ್‌ನ ಮಗಳು ಅವನ್ನು ಉಗುರಿನಿಂದ ಕೀಳುತ್ತಾ ಕೂತಿದ್ದಳು. "ಅಂಕಲ್, ಈ ಸಲವೂ ನಿಮ್ಮ ಮನೆಗೆ ಬರಬಹುದಾ?" ಎಂದು ಕೇಳಿದಳು, ಹಬ್ಬಕ್ಕೆ ಬರುವವಳ ಹಾಗೆ.

ಆ ತಿಂಗಳ ಮೀಟಿಂಗಿಗೆ ವಾಲ್ವ್ ಮತ್ತು ಕೋಣೆಯ ಲೆಕ್ಕ ಬರೆದುಕೊಂಡು ಹೋದೆ.