ಕೆರೆ ಕಟ್ಟಿಕೊಂಡ ಗಿಡ

ನಮ್ಮ ವರಾಂಡದಲ್ಲೊಂದು ಕೆಂಪು ಗುಜ್ಮೇನಿಯಾ ಇದೆ. ಮನೆಗೆ ಬಂದವರು ಕೂರುವ ಮೊದಲೇ ಅದಕ್ಕೆ ಉಗುರು ಹಾಕುತ್ತಾರೆ. ಇವತ್ತು ಬೆಳಿಗ್ಗೆ ಹೆಪ್ಪಿಗೆ ಮೊಸರು ಕೇಳಲು ಬಂದ ಎದುರುಮನೆಯಾಕೆಯೂ ಹಾಕಿದರು. "ಏನಕ್ಕಾ, ಪ್ಲಾಸ್ಟಿಕ್ಕಾ ಇದು?" ಅಲ್ಲ ಅಂದೆ. ನಂಬದೆ ಇನ್ನೊಂದು ಎಲೆಯನ್ನೂ ಚಿವುಟಿದರು. ಮೊಸರು ಹೋಯಿತು, ಸಿಟ್ಟು ಉಳಿಯಿತು.

ಅವರನ್ನೂ ಅನ್ನುವಂತಿಲ್ಲ ಬಿಡಿ. ಬೆಳಿಗ್ಗೆ ಮಾರಿನ ಲೆಕ್ಕದಲ್ಲಿ ಕೊಂಡ ಕಾಕಡ ಸಂಜೆಗೆ ಬಾಡಬೇಕು, ಅದು ನಮ್ಮ ತುಮಕೂರಿನ ಹೂವು. ತಿಂಗಳುಗಟ್ಟಲೆ ಒಂದೇ ಕೆಂಪು ಹೊತ್ತು ಕೂತಿದ್ದರೆ ಅನುಮಾನ ಬರದೆ ಇದ್ದೀತೆ? ಆ ಕೆಂಪಾದರೂ ಹೂವಿನದಲ್ಲ, ಬಣ್ಣ ತಳೆದ ಎಲೆಗಳದು; ಕಾಂಪೌಂಡಿನ ಕಾಗದದ ಹೂವಿನ ಹಾಗೇ. ನಿಜವಾದ ಹೂವು ನಡುವೆ ಸಣ್ಣಗೆ ಇಣುಕಿ ಬೇಗ ಹೋಗಿಬಿಡುತ್ತದೆ. ಮೆರುಗಿನ ಮುಂದೆ ಮುಖ್ಯವಾದದ್ದು ಮರೆಯಾಗುವುದು ಹೀಗೇ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ, ವೀರಣ್ಣನವರ ಕಾಲದಲ್ಲಿ 'ಕುರುಕ್ಷೇತ್ರ' ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದಿತ್ತು. ಅದನ್ನು ನೋಡಿದ್ದ ನಮ್ಮಜ್ಜಿಗೆ ಕೊನೆವರೆಗೂ ಆನೆ ನೆನಪಿತ್ತು. ಕೃಷ್ಣನಾಗಿದ್ದವರು ಯಾರೆಂದು ಕೇಳಿದರೆ ಸುಮ್ಮನಾಗುತ್ತಿದ್ದರು.

ಬಣ್ಣದ ಮಾತು ಸಾಕು. ನನಗೆ ಹುಚ್ಚು ಹಿಡಿಸಿರುವುದು ಗುಜ್ಮೇನಿಯಾ ಸೇರಿದ ಬ್ರೊಮೀಲಿಯಾಡ್ ಕುಲದ ನೀರಾವರಿ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡುಗಳಲ್ಲಿ ಇವುಗಳಲ್ಲಿ ಹಲವು ಮರದ ಕೊಂಬೆ ಹಿಡಿದು ಬದುಕುತ್ತವೆ. ಬಂದಳಿಕೆಯಂತೆ ಮರವನ್ನು ಹೀರುವುದಿಲ್ಲ. ಬೇರಿರುವುದು ಮುಖ್ಯವಾಗಿ ಹಿಡಿತಕ್ಕೆ. ಎಲೆಯ ಬುಡಗಳು ಒಂದಕ್ಕೊಂದು ಒತ್ತಿಕೊಂಡು ನಡುವೆ ಬಟ್ಟಲಾಗುತ್ತದೆ. ಮಳೆನೀರು ನಿಲ್ಲುತ್ತದೆ, ತರಗೆಲೆ ಬಿದ್ದು ಕೊಳೆತು ಗೊಬ್ಬರವಾಗುತ್ತದೆ, ಎಲೆಯ ಮೇಲಿನ ಸಣ್ಣ ಹುರುಪೆಗಳೇ ಅದನ್ನು ಹೀರಿಕೊಳ್ಳುತ್ತವೆ. ಕಪ್ಪೆಗಳು ಗೊದಮೊಟ್ಟೆಗಳನ್ನು ಬೆನ್ನ ಮೇಲೆ ಹೊತ್ತು ತಂದು ಇಲ್ಲಿ ಬಿಡುವುದುಂಟು. ಜಮೈಕಾದ ಒಂದು ಏಡಿಯಂತೂ ಮರಿ ಸಾಕುವುದೇ ಈ ನೀರಿನಲ್ಲಿ. ಬಿದ್ದ ಎಲೆಯನ್ನು ಎತ್ತಿ ಹೊರಗೆ ಹಾಕುತ್ತದೆ, ಬಸವನಹುಳುವಿನ ಖಾಲಿ ಚಿಪ್ಪು ತಂದು ಹಾಕಿ ನೀರಿನ ಹುಳಿ ಇಳಿಸುತ್ತದೆ.

ಹೂಳೆತ್ತುವ ಏಡಿ! ಟೆಂಡರಿಲ್ಲ, ಬಿಲ್ಲಿಲ್ಲ, ಉದ್ಘಾಟನೆಗೆ ಶಾಮಿಯಾನವಿಲ್ಲ. 'ಮೂಡಲ್ ಕುಣಿಗಲ್ ಕೆರೆ' ಎಂದು ಹಾಡು ಕಟ್ಟಿಸಿಕೊಂಡ ಕೆರೆ ನಮ್ಮ ಜಿಲ್ಲೆಯಲ್ಲೇ ಇದೆ. ಹಾಡು ಎಲ್ಲರಿಗೂ ಬರುತ್ತದೆ, ಕೆರೆಯ ಹೂಳಿನ ಕಡೆ ಎಷ್ಟು ಜನರ ಕಣ್ಣು ಹೋಗುತ್ತದೋ. ಹಿಂದೆ ಬೇಸಿಗೆಯಲ್ಲಿ ಊರವರೇ ಗಾಡಿ ಕಟ್ಟಿ ಕೆರೆಗೋಡು ಹೊಲಕ್ಕೆ ಹೊಡೆಯುತ್ತಿದ್ದರು. ಕೆರೆಯೂ ತೆರವಾಗುತ್ತಿತ್ತು, ರಾಗಿಯೂ ಏಳುತ್ತಿತ್ತು. ಈಗ ನಮ್ಮ ಕಣ್ಣೆಲ್ಲ ಹೇಮಾವತಿಯ ಮೇಲೆ. ಅದರ ನೀರನ್ನು ನೇರ ಕುಣಿಗಲಿಗೆ ಒಯ್ಯುವ ಎಕ್ಸ್‌ಪ್ರೆಸ್ ಕಾಲುವೆ ಬೇಡವೆಂದು ಗುಬ್ಬಿಯವರು ರಸ್ತೆಗಿಳಿದರೆ, ಬೇಕೇ ಬೇಕೆಂದು ಕುಣಿಗಲಿನವರು. ಎರಡೂ ಕಡೆ ನೆಂಟರಿರುವ ನಮ್ಮಂಥವರು ಮದುವೆಮನೆಯಲ್ಲಿ ಆ ಮಾತೆತ್ತುವಂತಿಲ್ಲ.

ವರಾಂಡದ ಕೆರೆಗೂ ತಕರಾರು ಇಲ್ಲದಿಲ್ಲ. ಡೆಂಗಿ ಕಾಲದಲ್ಲಿ ನಿಂತ ನೀರು ನಿಂತ ನೀರೇ. ವಾರಕ್ಕೊಮ್ಮೆ ಕುಂಡ ಬಗ್ಗಿಸಿ ಹಳೇ ನೀರು ಚೆಲ್ಲಿ ಹೊಸದು ತುಂಬಬೇಕು. ಇಷ್ಟು ಉಪಚಾರ ಮಾಡಿದರೂ ಗುಜ್ಮೇನಿಯಾ ಹೂ ಬಿಡುವುದು ಒಂದೇ ಸಲ. ಬುಡದಲ್ಲಿ ಮರಿ ಎಬ್ಬಿಸಿ, ತಾಯಿಗಿಡ ನಿಧಾನಕ್ಕೆ ಒಣಗುತ್ತದೆ. ಬಾಳೆಯ ಊರಿನವರಿಗೆ ಇದನ್ನೇನು ವಿವರಿಸುವುದು.

ನರ್ಸರಿಯವರ ಬೆಲೆ ಕೇಳಿ ಹಿಂದಿರುಗಿದವರು ಬೇಸರಪಡಬೇಕಾಗಿಲ್ಲ. ಬಿ.ಎಚ್. ರಸ್ತೆಯಲ್ಲಿ ಉಪ್ಪು ಖಾರ ಹಚ್ಚಿ ಕೊಡುವ ಅನಾನಸೂ ಇದೇ ಕುಲದ್ದು, ಪೋರ್ಚುಗೀಸರ ಜೊತೆ ಬಂದು ನಮ್ಮದಾಗಿ ಹೋದದ್ದು. ಮುಂದಿನ ಸಲ ಇಡೀ ಹಣ್ಣು ತಂದಾಗ ಜುಟ್ಟನ್ನು ಕಸದ ಗಾಡಿಗೆ ಹಾಕಬೇಡಿ. ಅಂಟಿಕೊಂಡ ತಿರುಳು ಬಿಡಿಸಿ, ಎರಡು ದಿನ ಒಣಗಿಸಿ, ಕೆಂಪುಮಣ್ಣಿಗೆ ಮರಳು ಬೆರೆಸಿ ಬಿಸಿಲಲ್ಲಿ ನೆಡಿ. ಹಣ್ಣಿಗೆ ಎರಡು ವರ್ಷವಾದರೂ ಕಾಯಬೇಕು.